ತಂಡ ಕಟ್ಟಿ ಮುಂದಿನ ಊರಿಗೆ ಹೊರಟವರು

(ಅಮೆರಿಕದಲ್ಲಿರುವ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

158 ಗೆಲುವು, 151 ಸೋಲು, 3 ಪಂದ್ಯ ಸಮ. ಇದು ಹವರ್ಡ್ ಶ್ನೆಲೆನ್‌ಬರ್ಗರ್ ಎಂಬ ಕಾಲೇಜು ಫುಟ್‌ಬಾಲ್ ಕೋಚ್ ಅವರ ಜೀವಮಾನದ ಲೆಕ್ಕ. ಫುಟ್‌ಬಾಲ್ ಅಂದರೆ ಇಲ್ಲಿ ಕಾಲಲ್ಲಿ ಒದೆಯುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಎಸೆಯುವ ಅಮೆರಿಕನ್ ಆಟ. ಗೆದ್ದದ್ದೂ ಸೋತದ್ದೂ ಹೆಚ್ಚುಕಡಿಮೆ ಸರಿಸಮ. ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ, ಅಂದರೆ ಮಹಾ ಸಾಧಕರ ಗೌರವದ ಪಟ್ಟಿಗೆ, ಸೇರಬೇಕಾದರೆ ಕೋಚ್ ಆದವರು ನೂರಕ್ಕೆ ಅರವತ್ತು ಪಂದ್ಯ ಗೆದ್ದಿರಬೇಕು ಅನ್ನೋದು ಬಹಳ ಕಾಲದಿಂದ ಇದ್ದ ನಿಯಮ. ಹಾಗಾಗಿ ಆ ಬಾಗಿಲು ಅವರಿಗೆ ತೆರೆಯಲೇ ಇಲ್ಲ. 2021ರಲ್ಲಿ ಅವರು ತೀರಿಕೊಂಡರು.

ನನ್ನನ್ನು ಕೇಳಿದರೆ, ಬೇರೆ ಬೇರೆ ಊರಿಗೆ ಹೋಗಿ ತಂಡ ಕಟ್ಟಿದವರಲ್ಲಿ ಅವರೇ ಎಲ್ಲರಿಗಿಂತ ದೊಡ್ಡವರು. ಅದು ಯಾಕೆ ಅಂತ ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಇಲ್ಲಿ ಕೂತಿರುವ ಅನೇಕರ ಮಕ್ಕಳು ಈ ದೇಶದ ದೊಡ್ಡ ಯೂನಿವರ್ಸಿಟಿಗಳಲ್ಲಿ ಓದುತ್ತಿದ್ದಾರೆ. ಶನಿವಾರ ಬಂದರೆ ಆ ಊರುಗಳ ಅವತಾರ ಹೇಗೆ ಬದಲಾಗುತ್ತೆ ಅಂತ ನೀವೇ ನೋಡಿದ್ದೀರಿ. ಮಿಶಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಒಂದು ಲಕ್ಷ ಏಳು ಸಾವಿರ ಜನ ಕೂರಬಹುದು. ಅಲಬಾಮಾದ್ದೂ ಒಂದು ಲಕ್ಷ ದಾಟುತ್ತದೆ. ಇಷ್ಟೂ ಜನ ಬರೋದು ಹದಿನೆಂಟರಿಂದ ಇಪ್ಪತ್ತಮೂರು ವರ್ಷದ ಹುಡುಗರ ಆಟ ನೋಡಲಿಕ್ಕೆ. ಆ ಹುಡುಗರು ನಾಲ್ಕೈದು ವರ್ಷ ಇದ್ದು ಹೊರಟುಹೋಗುತ್ತಾರೆ. ಇವತ್ತು ಎಷ್ಟೇ ಒಳ್ಳೆಯ ತಂಡ ಇರಲಿ, ನಾಲ್ಕೈದು ವರ್ಷ ಕಳೆದರೆ ಅದರಲ್ಲಿ ಒಂದು ಮುಖವೂ ಉಳಿದಿರೋದಿಲ್ಲ. ಪ್ರೊಫೆಷನಲ್ ಲೀಗ್‌ನಲ್ಲಿ ಸೋತ ತಂಡಕ್ಕೆ ಮುಂದಿನ ವರ್ಷ ಒಳ್ಳೆಯ ಆಟಗಾರನನ್ನು ಮೊದಲು ಆರಿಸುವ ಅವಕಾಶ ಸಿಗುತ್ತದೆ. ಕಾಲೇಜಿನಲ್ಲಿ ಆ ಕರುಣೆ ಇಲ್ಲ. ಗೆಲ್ಲುವ ಕಡೆಗೇ ಒಳ್ಳೆಯ ಹುಡುಗರು ಹೋಗುತ್ತಾರೆ, ಸೋಲುವವರು ಸೋಲುತ್ತಲೇ ಇರುತ್ತಾರೆ.

ಆದ್ದರಿಂದಲೇ ಇಲ್ಲಿ ಕೋಚ್ ಅಂದರೆ ಇಷ್ಟು ದೊಡ್ಡ ಮನುಷ್ಯ. ಹೈಸ್ಕೂಲ್ ಹುಡುಗನ ಮನೆಗೆ ಹೋಗಿ, ಅವನ ಅಮ್ಮನ ಎದುರು ಕೂತು, ನಿಮ್ಮ ಮಗನನ್ನು ನಮ್ಮಲ್ಲಿಗೆ ಕಳಿಸಿ ಅಂತ ಕೇಳಬೇಕಾದವರು ಅವರೇ. ಹಣವಂತ ಹಳೆ ವಿದ್ಯಾರ್ಥಿಗಳನ್ನು ಒಪ್ಪಿಸಬೇಕಾದವರೂ ಅವರೇ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಅತಿ ಹೆಚ್ಚು ಪಡೆಯೋದು ಗವರ್ನರ್ ಅಲ್ಲ, ಫುಟ್‌ಬಾಲ್ ಕೋಚ್.

ಒಂದು ಊರಲ್ಲಿ ಗೆದ್ದವರು ಇನ್ನೊಂದು ಊರಲ್ಲಿ ಗೆದ್ದೇ ಗೆಲ್ಲುತ್ತಾರೆ ಅಂತೇನೂ ಇಲ್ಲ. ಜಿಂಬೋ ಫಿಶರ್ ಅವರನ್ನೇ ತಗೊಳ್ಳಿ. 2013ರಲ್ಲಿ ಫ್ಲಾರಿಡಾ ಸ್ಟೇಟ್ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದವರು. ಟೆಕ್ಸಸ್ ಎ ಅಂಡ್ ಎಂ ಅವರನ್ನು ದೊಡ್ಡ ಸಂಬಳ ಕೊಟ್ಟು ಕರೆತಂದಿತು. ಹಣ ಇತ್ತು, ಸ್ಟೇಡಿಯಂ ಇತ್ತು, ಒಳ್ಳೆಯ ಹುಡುಗರೂ ಬಂದರು. ಗೆಲುವು ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. 2023ರಲ್ಲಿ ಅವರನ್ನು ತೆಗೆದುಹಾಕಲು ಆ ಯೂನಿವರ್ಸಿಟಿ ಒಪ್ಪಂದದ ಪ್ರಕಾರ ಸುಮಾರು 7.6 ಕೋಟಿ ಡಾಲರ್ ಕೊಡಬೇಕಾಯಿತು. ಕೆಲಸ ಬಿಟ್ಟು ಹೋಗಲಿಕ್ಕೆ ಅಷ್ಟು ದುಡ್ಡು!

ಹಾಗಾದರೆ ಒಂದು ಕ್ಯಾಂಪಸ್ಸಿನಿಂದ ಇನ್ನೊಂದಕ್ಕೆ ಕೋಚ್ ಜೊತೆ ಹೋಗೋದು ಏನು? ಆಟಗಾರರು ಅಲ್ಲೇ ಉಳಿಯುತ್ತಾರೆ. ಸ್ಟೇಡಿಯಂ, ಊರಿನ ಜನ, ಹೆಸರು, ದುಡ್ಡು ಯಾವುದೂ ಜೊತೆಗೆ ಬರೋದಿಲ್ಲ. ಈ ಪ್ರಶ್ನೆ ಹಿಡಿದುಕೊಂಡು ಶ್ನೆಲೆನ್‌ಬರ್ಗರ್ ಅವರ ಹತ್ತಿರ ಹೋಗೋಣ.

ಅವರು ಹುಟ್ಟಿದ್ದು ಇಂಡಿಯಾನಾದ ಸಣ್ಣ ಊರಲ್ಲಿ, ಬೆಳೆದದ್ದು ಕೆಂಟಕಿಯ ಲೂಯಿವಿಲ್‌ನಲ್ಲಿ. ಅಲಬಾಮಾದಲ್ಲಿ ಬೇರ್ ಬ್ರಯಂಟ್ ಎಂಬ ಮಹಾ ಕೋಚ್ ಕೈಕೆಳಗೆ ಕೆಲಸ ಕಲಿತರು. ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್‌ಗೆ ಹೋಗಿ ಜೋ ನೇಮತ್ ಎಂಬ ಹುಡುಗನನ್ನು ಅಲಬಾಮಾಕ್ಕೆ ಒಲಿಸಿಕೊಂಡು ಬಂದವರು ಅವರೇ. ನೇಮತ್ ಮುಂದೆ ದೇಶದ ಮನೆಮಾತಾದ. 1972ರಲ್ಲಿ ಒಂದೂ ಪಂದ್ಯ ಸೋಲದ ಮಯಾಮಿ ಡಾಲ್ಫಿನ್ಸ್ ಪ್ರೊಫೆಷನಲ್ ತಂಡದಲ್ಲಿ ದಾಳಿಯ ವಿಭಾಗ ನೋಡಿಕೊಳ್ಳುತ್ತಿದ್ದವರೂ ಇವರೇ. ದಪ್ಪ ಮೀಸೆ, ಬಾಯಲ್ಲಿ ಪೈಪ್, ಪ್ಯಾಂಟಿಗೆ ಸಸ್ಪೆಂಡರ್, ಗುಡುಗಿನಂಥ ದನಿ.

1979ರಲ್ಲಿ ಅವರು ಮಯಾಮಿ ಯೂನಿವರ್ಸಿಟಿಗೆ ಬಂದಾಗ ಅಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿಬಿಡೋಣವೇ ಅನ್ನೋ ಮಾತು ನಡೆದಿತ್ತು. ಅದು ಖಾಸಗಿ ಯೂನಿವರ್ಸಿಟಿ, ವಿದ್ಯಾರ್ಥಿಗಳು ಕಡಿಮೆ. ಊರಿನ ಜನಕ್ಕೆ ಡಾಲ್ಫಿನ್ಸ್ ಇತ್ತು, ಸಮುದ್ರ ಇತ್ತು. ಕಾಲೇಜು ಆಟ ನೋಡಲು ಬರುವವರೇ ಕಡಿಮೆ. ಅಂಥ ಕಡೆ ಬಂದು, ಐದು ವರ್ಷದೊಳಗೆ ರಾಷ್ಟ್ರೀಯ ಚಾಂಪಿಯನ್ ಆಗುತ್ತೇವೆ ಅಂದರು. ನಂಬಿದವರು ಯಾರೂ ಇರಲಿಕ್ಕಿಲ್ಲ.

ಅವರು ಮಾಡಿದ ಕೆಲಸ ನೋಡಿ. ಮೊದಲು ಭೂಪಟದ ಮೇಲೆ ದಕ್ಷಿಣ ಫ್ಲಾರಿಡಾದ ಸುತ್ತ ಒಂದು ಗೆರೆ ಎಳೆದರು. ಇದಕ್ಕೆ ಮಯಾಮಿ ರಾಜ್ಯ ಅಂತ ಹೆಸರಿಟ್ಟರು. ಈ ಗೆರೆಯೊಳಗಿನ ಒಳ್ಳೆಯ ಹುಡುಗ ಹೊರಗೆ ಹೋಗಬಾರದು. ಆ ಕಾಲದಲ್ಲಿ ಮಯಾಮಿಯ ಬಡ ಕಪ್ಪು ಬಡಾವಣೆಗಳಲ್ಲಿ, ಸುತ್ತಮುತ್ತಲಿನ ಊರುಗಳಲ್ಲಿ ದೇಶದಲ್ಲೇ ಅತಿ ವೇಗದ ಹುಡುಗರು ಇದ್ದರು. ದೊಡ್ಡ ಹೆಸರಿನ ಯೂನಿವರ್ಸಿಟಿಗಳು ಬಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದವು. ಮನೆಯ ಪಕ್ಕದಲ್ಲೇ ಇದ್ದ ಯೂನಿವರ್ಸಿಟಿ ಅವರ ಮನೆ ಬಾಗಿಲಿಗೆ ಸರಿಯಾಗಿ ಹೋಗಿಯೇ ಇರಲಿಲ್ಲ. ಶ್ನೆಲೆನ್‌ಬರ್ಗರ್ ಹೋದರು. ಒಂದು ಬಾರಿಯಲ್ಲ, ಮತ್ತೆ ಮತ್ತೆ ಹೋದರು.

ಎರಡನೆಯದು ಆಟದ ರೀತಿ. ಆಗ ಕಾಲೇಜುಗಳಲ್ಲಿ ಚೆಂಡನ್ನು ಕಂಕುಳಲ್ಲಿಟ್ಟು ನುಗ್ಗುವ ಆಟವೇ ಜಾಸ್ತಿ. ಇವರು ಪ್ರೊಫೆಷನಲ್ ತಂಡಗಳ ಹಾಗೆ ಚೆಂಡು ಎಸೆಯುವ ಆಟ ತಂದರು. ಮುಂದೆ ಪ್ರೊಫೆಷನಲ್ ಆಗಬೇಕು ಅನ್ನೋ ಕನಸಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಹುಡುಗರಿಗೆ ಇಲ್ಲಿಗಿಂತ ಒಳ್ಳೆಯ ಶಾಲೆ ಬೇರೆಲ್ಲಿತ್ತು? ಜಿಮ್ ಕೆಲ್ಲಿಯನ್ನು ಪೆನ್ ಸ್ಟೇಟ್ ತಂಡ ಲೈನ್‌ಬ್ಯಾಕರ್ ಆಗಿ, ಅಂದರೆ ಎದುರಾಳಿಯನ್ನು ತಡೆಯುವವನಾಗಿ, ಬೇಕೆಂದಿತ್ತು. ಮಯಾಮಿಯಲ್ಲಿ ಆತ ಕ್ವಾರ್ಟರ್‌ಬ್ಯಾಕ್. 1979ರಲ್ಲಿ ಆತನನ್ನು ಮೊದಲ ಸಲ ಆರಂಭದಿಂದ ಆಡಿಸಿದ ಪಂದ್ಯ ಅದೇ ಪೆನ್ ಸ್ಟೇಟ್ ವಿರುದ್ಧ, ಅವರದೇ ನೆಲದಲ್ಲಿ. ಮಯಾಮಿ 26-10ರಲ್ಲಿ ಗೆದ್ದಿತು.

1983ರ ಸೀಸನ್ನಿನ ಮೊದಲ ಪಂದ್ಯದಲ್ಲೇ ಫ್ಲಾರಿಡಾ ಎದುರು 28-3ರ ಸೋಲು. ಆಮೇಲೆ ಒಂದೂ ಸೋಲಲಿಲ್ಲ. 1984ರ ಜನವರಿ 2ರ ರಾತ್ರಿ ಆರೆಂಜ್ ಬೋಲ್‌ನಲ್ಲಿ (ಸೀಸನ್ ಮುಗಿದ ಮೇಲೆ ಆಯ್ದ ತಂಡಗಳಿಗೆ ನಡೆಸುವ ದೊಡ್ಡ ಪಂದ್ಯಕ್ಕೆ ಬೋಲ್ ಅನ್ನುತ್ತಾರೆ) ನೆಬ್ರಾಸ್ಕಾ ಎದುರಾಳಿ. ದೇಶದ ಮೊದಲ ನಂಬರಿನ ತಂಡ, ಅದನ್ನು ಸೋಲಿಸುವವರೇ ಇಲ್ಲ ಅನ್ನುತ್ತಿದ್ದ ಕಾಲ. ಕೊನೆಯ ನಿಮಿಷದಲ್ಲಿ ನೆಬ್ರಾಸ್ಕಾ ಟಚ್‌ಡೌನ್ ಹೊಡೆದು, ಅಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿ, 31-30ಕ್ಕೆ ಬಂತು. ಟಚ್‌ಡೌನ್ ಆದ ಮೇಲೆ ಸಿಗುವ ಒಂದು ಪಾಯಿಂಟಿನ ಸುಲಭದ ಒದೆ ಒದ್ದಿದ್ದರೆ ಪಂದ್ಯ ಸಮ, ಚಾಂಪಿಯನ್ ಪಟ್ಟ ಬಹುಶಃ ಅವರದೇ. ಅವರ ಕೋಚ್ ಟಾಮ್ ಆಸ್ಬರ್ನ್ ಗೆಲ್ಲಲಿಕ್ಕೇ ಆಡಿದರು, ಚೆಂಡನ್ನು ಮತ್ತೊಮ್ಮೆ ಗೆರೆ ದಾಟಿಸಿ ಎರಡು ಪಾಯಿಂಟ್ ಪಡೆಯಲು ಹೋದರು. ಎಸೆದ ಚೆಂಡನ್ನು ಮಯಾಮಿಯ ಕೆನ್ನಿ ಕ್ಯಾಲ್ಹೂನ್ ಬೆರಳ ತುದಿಯಲ್ಲಿ ತಟ್ಟಿಬಿಟ್ಟ. ಮಯಾಮಿ ಚಾಂಪಿಯನ್. ಹೇಳಿದ ಹಾಗೆ ಐದನೇ ಸೀಸನ್ನಿನಲ್ಲಿ. ಆಸ್ಬರ್ನ್ ಅವರ ಆ ನಿರ್ಧಾರದ ಬಗ್ಗೆ ನನಗೆ ಅಪಾರ ಗೌರವ. ಆ ಪಂದ್ಯದಲ್ಲಿ ಎರಡು ಕಡೆಯಲ್ಲೂ ದೊಡ್ಡ ಮನುಷ್ಯರಿದ್ದರು.

ಇದಾದ ಕೂಡಲೇ ಶ್ನೆಲೆನ್‌ಬರ್ಗರ್ ಮಯಾಮಿ ಬಿಟ್ಟರು. ಹೊಸದೊಂದು ಪ್ರೊಫೆಷನಲ್ ಲೀಗ್‌ನ ತಂಡ ಮಯಾಮಿಗೆ ಬರುತ್ತೆ, ಅದರಲ್ಲಿ ಪಾಲೂ ಸಿಗುತ್ತೆ ಅಂತ ಹೋದರು. ಆ ತಂಡ ಬರಲೇ ಇಲ್ಲ. ಕೈಯಲ್ಲಿದ್ದದ್ದೂ ಹೋಯಿತು. ಆದರೆ ಅವರು ಬಿಟ್ಟು ಹೋದ ಮಯಾಮಿ ಏನಾಯಿತು ಗೊತ್ತಾ? 1987, 1989, 1991, 2001. ನಾಲ್ಕು ಬಾರಿ ಮತ್ತೆ ರಾಷ್ಟ್ರೀಯ ಚಾಂಪಿಯನ್, ಮೂವರು ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ. ಮುಚ್ಚಬೇಕು ಅಂತಿದ್ದ ಅಂಗಡಿ ಅದು. ಆ ಗೆರೆ, ಆ ಆಟ, ಆ ಹುಡುಗರ ಮನೆಗಳ ಜೊತೆಗಿನ ನಂಟು ಅಲ್ಲೇ ಉಳಿದಿತ್ತು. ಕೋಚ್ ಹೋದ ಮೇಲೂ ಅದು ಕೆಲಸ ಮಾಡುತ್ತಿತ್ತು.

1985ರಲ್ಲಿ ಅವರು ಬಾಲ್ಯದ ಊರು ಲೂಯಿವಿಲ್‌ಗೆ ಬಂದರು. ಅದು ಬಾಸ್ಕೆಟ್‌ಬಾಲ್ ಊರು. ಫುಟ್‌ಬಾಲ್ ತಂಡ ಆಡುತ್ತಿದ್ದದ್ದು ಜಾತ್ರೆ ಮೈದಾನದ ಸ್ಟೇಡಿಯಂನಲ್ಲಿ, ಅದೂ ಬೇಸ್‌ಬಾಲ್ ತಂಡದ ಜೊತೆ ಹಂಚಿಕೊಂಡು. ಅಲ್ಲಿಯೂ ಅದೇ ಮಾತು: ಈ ತಂಡ ರಾಷ್ಟ್ರೀಯ ಪಟ್ಟದ ಕಡೆಗೇ ಹೊರಟಿದೆ, ಯಾವಾಗ ಅನ್ನೋದೊಂದೇ ಪ್ರಶ್ನೆ. ಮೊದಲ ವರ್ಷ ಗೆದ್ದದ್ದು 2 ಪಂದ್ಯ. ಎರಡನೇ ವರ್ಷ 3. ಮೂರನೇ ವರ್ಷವೂ 3. ಇವತ್ತಿನ ಕಾಲದಲ್ಲಾಗಿದ್ದರೆ ಅಲ್ಲಿಗೇ ಮನೆಗೆ ಕಳಿಸುತ್ತಿದ್ದರು. ಲೂಯಿವಿಲ್ ಕಾಯಿತು. ನಾಲ್ಕನೇ ವರ್ಷ 8 ಗೆಲುವು. ಆರನೇ ವರ್ಷ, 1990ರಲ್ಲಿ, 10 ಗೆಲುವು, 1 ಸೋಲು, 1 ಸಮ. 1991ರ ಹೊಸ ವರ್ಷದ ದಿನ ಫಿಯೆಸ್ಟಾ ಬೋಲ್‌ನಲ್ಲಿ ಅಲಬಾಮಾವನ್ನು 34-7ರಲ್ಲಿ ಸೋಲಿಸಿದರು. ತಾವು ಕೆಲಸ ಕಲಿತ ಅದೇ ಅಲಬಾಮಾವನ್ನು.

ಆ ಪಂದ್ಯಕ್ಕೆ ಲೂಯಿವಿಲ್‌ಗೆ ಕರೆ ಬಂದದ್ದರ ಹಿಂದೆ ಇನ್ನೊಂದು ವಿಷಯವಿದೆ. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆ ಬೇಡ ಅಂತ, ಫಿಯೆಸ್ಟಾ ಬೋಲ್ ನಡೆಯುವ ಅರಿಜೋನಾದ ಮತದಾರರು 1990ರ ನವೆಂಬರಿನಲ್ಲಿ ತೀರ್ಮಾನಿಸಿದ್ದರು. ಹಾಗಾಗಿ ಕೆಲವು ತಂಡಗಳು ಅಲ್ಲಿ ಆಡಲು ಮನಸ್ಸು ಮಾಡಲಿಲ್ಲ. ಅವಕಾಶ ಲೂಯಿವಿಲ್‌ಗೆ ಬಂತು. ಲೂಯಿವಿಲ್ ಅಲ್ಲಿಗೆ ಹೋಗಬಾರದಿತ್ತು ಅಂದವರು ಆಗಲೂ ಇದ್ದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆಟದ ಲೆಕ್ಕ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು ಅಂತ ಹೇಳುತ್ತಿದ್ದೇನೆ.

ಲೂಯಿವಿಲ್ ಯೂನಿವರ್ಸಿಟಿಗೆ ಸ್ವಂತದ ಫುಟ್‌ಬಾಲ್ ಸ್ಟೇಡಿಯಂ ಬೇಕು ಅಂತ ಹಟ ಹಿಡಿದವರು ಅವರು. ಅದು 1998ರಲ್ಲಿ ತೆರೆಯಿತು. ಅಷ್ಟರಲ್ಲಿ ಅವರು ಅಲ್ಲಿರಲಿಲ್ಲ.

1995ರಲ್ಲಿ ಓಕ್ಲಹೋಮಾಕ್ಕೆ ಹೋದರು. 5 ಗೆಲುವು, 5 ಸೋಲು, 1 ಸಮ. ಒಂದೇ ವರ್ಷಕ್ಕೆ ಮುಗಿಯಿತು. ಇದು ನನಗೆ ತುಂಬ ಯೋಚನೆಗೆ ಹಚ್ಚುವ ವಿಷಯ. ಓಕ್ಲಹೋಮಾ ಅಂದರೆ ಏನೂ ಇಲ್ಲದ ಊರಲ್ಲ. ಹಳೆಯ ಪಟ್ಟಗಳಿದ್ದವು, ದೊಡ್ಡ ದೊಡ್ಡ ಹೆಸರುಗಳಿದ್ದವು. ನಮಗೆ ಎಲ್ಲ ಗೊತ್ತು ಅನ್ನುವ ಜನ ಇದ್ದರು. ಅಲ್ಲಿಗೆ ಹೋಗುವ ಕೋಚ್ ಇರುವುದನ್ನು ಒಪ್ಪಿಕೊಂಡು, ಅದರ ಮೇಲೆ ಕೆಲಸ ಮಾಡಬೇಕು. ಶ್ನೆಲೆನ್‌ಬರ್ಗರ್ ಅವರ ಕೈಗೆ ಖಾಲಿ ನೆಲ ಒಗ್ಗುತ್ತಿತ್ತು. ತುಂಬಿದ ಮನೆ ಒಗ್ಗಲಿಲ್ಲ.

ಆಮೇಲೆ ಅವರಿಗೆ ಪೂರ್ತಿ ಖಾಲಿ ನೆಲವೇ ಸಿಕ್ಕಿತು. ಫ್ಲಾರಿಡಾದ ಬೋಕಾ ರಟೋನ್‌ನಲ್ಲಿರುವ ಫ್ಲಾರಿಡಾ ಅಟ್ಲಾಂಟಿಕ್ ಯೂನಿವರ್ಸಿಟಿ 1998ರಲ್ಲಿ ಅವರನ್ನು ಕರೆಯಿತು. ಅಲ್ಲಿ ಫುಟ್‌ಬಾಲ್ ತಂಡವೇ ಇರಲಿಲ್ಲ. ಆಟಗಾರರಿಲ್ಲ, ಹೆಲ್ಮೆಟ್ ಇಲ್ಲ, ಮೈದಾನ ಇಲ್ಲ. ಅರವತ್ತು ದಾಟಿದ ಮನುಷ್ಯ ಮನೆ ಮನೆ, ಆಫೀಸು ಆಫೀಸು ತಿರುಗಿ ಹಣ ಕೂಡಿಸಿದರು. ಮೊದಲ ಪಂದ್ಯ ನಡೆದದ್ದು 2001ರಲ್ಲಿ, ಅದರಲ್ಲಿ ಸೋತರು. 2003ರಲ್ಲಿ 11 ಪಂದ್ಯ ಗೆದ್ದರು. 2007ರಲ್ಲಿ, ಅಂದರೆ ಏಳನೇ ಸೀಸನ್ನಿನಲ್ಲಿ, ನ್ಯೂ ಆರ್ಲಿಯನ್ಸ್ ಬೋಲ್ ಗೆದ್ದರು. ಮರುವರ್ಷ ಡೆಟ್ರಾಯಿಟ್‌ನಲ್ಲಿ ಇನ್ನೊಂದು ಬೋಲ್. ಜೀವಮಾನದಲ್ಲಿ ಅವರು ಆರು ಬೋಲ್ ಪಂದ್ಯಗಳಿಗೆ ತಂಡ ಕರೆದುಕೊಂಡು ಹೋದರು. ಆರನ್ನೂ ಗೆದ್ದರು.

2011ರಲ್ಲಿ ಕ್ಯಾಂಪಸ್ಸಿನಲ್ಲೇ ಸ್ಟೇಡಿಯಂ ಎದ್ದು ನಿಂತಿತು. ಅದು ಅವರ ಕೊನೆಯ ವರ್ಷ. ಗೆದ್ದದ್ದು ಒಂದೇ ಪಂದ್ಯ, ಸೋತದ್ದು 11. ಈಗ ಮತ್ತೆ ಆ ಶೇಕಡಾ ಲೆಕ್ಕ ನೋಡಿ. ಲೂಯಿವಿಲ್‌ನಲ್ಲಿ ಕಾದ ಮೂರು ವರ್ಷ, ಬೋಕಾ ರಟೋನ್‌ನ ಎಳೆಯ ತಂಡದ ಸೋಲುಗಳು, ಈ ಕೊನೆಯ ವರ್ಷ, ಎಲ್ಲವೂ ಅವರ ಹೆಸರಿನ ಮುಂದೆ ಸೋಲು ಅಂತಲೇ ಬರೆದಿದೆ. ಹಸಿವಿದ್ದವರ ಮನೆಗೇ ಹೋಗಿ ಅಡುಗೆ ಮಾಡಿದವರನ್ನು ಎಷ್ಟು ಜನ ಉಂಡರು ಅಂತ ಕೇಳದೆ, ಎಷ್ಟು ದಿನ ಒಲೆ ಉರಿಯಲಿಲ್ಲ ಅಂತ ಎಣಿಸಿದ ಹಾಗಿದೆ ಇದು.

2025ರಲ್ಲಿ ಆ ನಿಯಮವನ್ನು ಸ್ವಲ್ಪ ಸಡಿಲಿಸಿದರು. ಅರವತ್ತರ ಬದಲು 59.5 ಸಾಕು, 2027ರಿಂದ ಜಾರಿ. ಅದು ಮೈಕ್ ಲೀಚ್ ಅವರಿಗಾಗಿ ತೆರೆದ ಬಾಗಿಲು ಅಂತ ಎಲ್ಲರಿಗೂ ಗೊತ್ತು. ಲೀಚ್ ಅವರ ಲೆಕ್ಕ 158 ಗೆಲುವು, 107 ಸೋಲು. ಗಮನಿಸಿದಿರಾ? ಇಬ್ಬರೂ ಗೆದ್ದದ್ದು ಸರಿಯಾಗಿ 158 ಪಂದ್ಯ. ಲೀಚ್ ಅವರಿಗೆ ಬಾಗಿಲು ತೆರೆದದ್ದು ನನಗೆ ನಿಜಕ್ಕೂ ಸಂತೋಷ. ಆದರೆ ಒಂದು ಯೂನಿವರ್ಸಿಟಿಯ ಫುಟ್‌ಬಾಲನ್ನು ಸಾವಿನಿಂದ ಎಳೆದು ತಂದು, ಎರಡನೆಯದನ್ನು ಎಬ್ಬಿಸಿ ನಿಲ್ಲಿಸಿ, ಮೂರನೆಯದನ್ನು ಹುಟ್ಟಿಸಿದ ಮನುಷ್ಯನಿಗೆ ಜಾಗ ಇಲ್ಲ ಅನ್ನುವ ಹಾಲ್ ಆಫ್ ಫೇಮ್ ತನ್ನ ಕೆಲಸವನ್ನೇ ಸರಿಯಾಗಿ ಮಾಡುತ್ತಿಲ್ಲ. ಶೇಕಡಾ ಲೆಕ್ಕವೊಂದೇ ಸಾಲದು. ಕೋಚ್ ಬರುವ ಮೊದಲು ಅಲ್ಲಿ ಏನಿತ್ತು, ಹೋದ ಮೇಲೆ ಏನು ಉಳಿಯಿತು, ಅದನ್ನೂ ನೋಡಬೇಕು.

ಲೀಚ್ ಅವರ ಹೆಸರು ಬಂತಲ್ಲ, ಅವರ ಬಗ್ಗೆ ನಾಲ್ಕು ಮಾತು. ಅವರು ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡಿದವರಲ್ಲ. ಲಾ ಓದಿದವರು. ಅವರು ಮುಖ್ಯ ಕೋಚ್ ಆಗಿದ್ದ ಊರುಗಳನ್ನು ನೋಡಿ. ಟೆಕ್ಸಸ್‌ನ ಲಬಕ್, ವಾಷಿಂಗ್ಟನ್ ರಾಜ್ಯದ ಪುಲ್‌ಮನ್, ಮಿಸಿಸಿಪಿಯ ಸ್ಟಾರ್ಕ್‌ವಿಲ್. ಮೂರೂ ದೂರದ ಊರು. ದೊಡ್ಡ ಆಟಗಾರರು ತಾವಾಗಿ ಬರುವ ಜಾಗಗಳಲ್ಲ. ಶ್ನೆಲೆನ್‌ಬರ್ಗರ್ ಊರಿಗೆ ತಕ್ಕ ಹಾಗೆ ಕೆಲಸ ಬದಲಿಸಿಕೊಂಡರೆ, ಲೀಚ್ ಎಲ್ಲಿ ಹೋದರೂ ಒಂದೇ ಆಟ. ಏರ್ ರೇಯ್ಡ್ ಅನ್ನುತ್ತಾರೆ. ತಂತ್ರಗಳು ಕೆಲವೇ ಕೆಲವು, ಆದರೆ ಅವನ್ನು ಹುಡುಗರು ನಿದ್ದೆಯಲ್ಲೂ ಮಾಡುವಷ್ಟು ಸಲ ಅಭ್ಯಾಸ. ಮೈದಾನದ ಅಗಲವನ್ನೆಲ್ಲ ಬಳಸಿ ಚೆಂಡು ಎಸೆಯುತ್ತಲೇ ಇರೋದು. ಬೇರೆಯವರು ಬೇಡ ಅಂದ ಹುಡುಗರನ್ನು ಇಟ್ಟುಕೊಂಡೇ ಗೆಲ್ಲಬಹುದು ಅಂತ ತೋರಿಸಿದರು. 2008ರಲ್ಲಿ ಲಬಕ್‌ನಲ್ಲಿ ಮೊದಲ ನಂಬರಿನ ಟೆಕ್ಸಸ್ ತಂಡದ ಎದುರು ಗಡಿಯಾರದಲ್ಲಿ ಒಂದೇ ಸೆಕೆಂಡ್ ಉಳಿದಾಗ ಲೀಚ್ ಅವರ ತಂಡದ ಮೈಕಲ್ ಕ್ರ್ಯಾಬ್‌ಟ್ರೀ ಗೆರೆ ದಾಟಿದ್ದನ್ನು ಟಿವಿಯಲ್ಲಿ ನೋಡಿದವರು ಇಲ್ಲೂ ಇದ್ದೀರಿ. ಸ್ಕೋರ್ 39-33. ಇವತ್ತು ದೇಶದ ಹೈಸ್ಕೂಲುಗಳಿಂದ ಪ್ರೊಫೆಷನಲ್ ಲೀಗ್‌ವರೆಗೆ ಎಲ್ಲ ಕಡೆ ಅವರ ಆಟದ ಗುರುತು ಕಾಣುತ್ತದೆ. 2022ರ ಡಿಸೆಂಬರಿನಲ್ಲಿ, ಕೋಚ್ ಆಗಿದ್ದಾಗಲೇ, ತೀರಿಕೊಂಡರು.

ಇನ್ನು ಅರ್ಬನ್ ಮೈಯರ್. ಶೇಕಡಾ ಲೆಕ್ಕವೇ ಮುಖ್ಯ ಅನ್ನುವವರಿಗೆ ಇವರು ಬಹಳ ದೊಡ್ಡವರು. 187 ಗೆಲುವು, 32 ಸೋಲು. ಹಿಂದಿನ ವರ್ಷ 2 ಗೆದ್ದಿದ್ದ ಬೌಲಿಂಗ್ ಗ್ರೀನ್ ತಂಡ 2001ರಲ್ಲಿ ಇವರು ಬಂದ ಕೂಡಲೇ 8 ಗೆದ್ದಿತು. ಯೂಟಾ ತಂಡ 2004ರಲ್ಲಿ ಒಂದೂ ಸೋಲಲಿಲ್ಲ. ಫ್ಲಾರಿಡಾದಲ್ಲಿ 2006, 2008ರ ಪಟ್ಟ. ಒಹಾಯೋ ಸ್ಟೇಟ್‌ನಲ್ಲಿ 2014ರ ಪಟ್ಟ. ಎಲ್ಲಿ ಹೋದರೂ ಮೊದಲ ಎರಡು ವರ್ಷದಲ್ಲೇ ಫಲ. ಅಷ್ಟು ವೇಗಕ್ಕೆ ಬೆಲೆಯೂ ಇತ್ತು. ಫ್ಲಾರಿಡಾ ಬಿಡುವಾಗ ಆರೋಗ್ಯ, ಕುಟುಂಬದ ಕಾರಣ ಹೇಳಿದರು. ಅವರು ಹೋದ ಮೇಲೆ ಆ ತಂಡ ಬಹಳ ಕಾಲ ತಡವರಿಸಿತು. 2018ರಲ್ಲಿ ಒಹಾಯೋ ಸ್ಟೇಟ್ ಅವರನ್ನು ಮೂರು ಪಂದ್ಯಕ್ಕೆ ಅಮಾನತು ಮಾಡಿತು. ಹೆಂಡತಿಯನ್ನು ಹಿಂಸಿಸಿದ ಆರೋಪ ಹೊತ್ತಿದ್ದ ಸಹಾಯಕ ಕೋಚ್ ವಿಷಯವನ್ನು ನಿಭಾಯಿಸಿದ ರೀತಿಗಾಗಿ. ಗೆಲುವು ಎಷ್ಟೇ ಇರಲಿ, ಆ ವಿಷಯವನ್ನು ನಾನು ಚಿಕ್ಕದು ಅನ್ನಲಾರೆ. 2021ರಲ್ಲಿ ಪ್ರೊಫೆಷನಲ್ ತಂಡಕ್ಕೆ ಹೋದರು. ಹದಿಮೂರು ಪಂದ್ಯಕ್ಕೆ ಅವರನ್ನು ತೆಗೆದರು.

ಬೇರ್ ಬ್ರಯಂಟ್ ಅವರ ವಿಷಯದಲ್ಲೂ ನನಗೆ ಹೀಗೇ ಅಳುಕು. ಮೇರಿಲ್ಯಾಂಡ್, ಕೆಂಟಕಿ, ಟೆಕ್ಸಸ್ ಎ ಅಂಡ್ ಎಂ, ಅಲಬಾಮಾ. ನಾಲ್ಕು ಕಡೆಯೂ ಗೆದ್ದರು, ಅಲಬಾಮಾದಲ್ಲೇ ಆರು ಪಟ್ಟ. ಆದರೆ 1954ರಲ್ಲಿ ಟೆಕ್ಸಸ್‌ನ ಜಂಕ್ಷನ್ ಎಂಬ ಊರಿಗೆ ಹುಡುಗರನ್ನು ಕರೆದುಕೊಂಡು ಹೋಗಿ, ಬರಗಾಲದ ಬಿಸಿಲಲ್ಲಿ, ಕುಡಿಯಲು ನೀರು ಕೊಡದೆ ಅಭ್ಯಾಸ ಮಾಡಿಸಿದರು. ಎಷ್ಟೋ ಹುಡುಗರು ರಾತ್ರೋರಾತ್ರಿ ಬಿಟ್ಟು ಓಡಿಹೋದರು. ಒಬ್ಬ ಬಿಸಿಲ ಹೊಡೆತಕ್ಕೆ ಸಾಯುವ ಸ್ಥಿತಿಗೆ ಹೋಗಿದ್ದ. ಎರಡು ವರ್ಷದ ನಂತರ ಆ ತಂಡ ತನ್ನ ಲೀಗ್ ಗೆದ್ದಿತು ಅಂತ ಇದನ್ನು ವೀರಗಾಥೆ ಹಾಗೆ ಹೇಳುತ್ತಾರೆ. ಮಕ್ಕಳನ್ನು ಹಾಗೆ ನಡೆಸಿಕೊಂಡದ್ದು ತಪ್ಪು. ಆಗಲೂ ತಪ್ಪೇ, ಈಗಲೂ ತಪ್ಪೇ.

ಈಗ ನಮ್ಮ ಕಾಲದ ಮಾತಿಗೆ ಬರೋಣ. 1998ರಲ್ಲಿ ನಿಕ್ ಸೇಬನ್ ಎಂಬ ಕೋಚ್ ಮಿಶಿಗನ್ ಸ್ಟೇಟ್‌ನಲ್ಲಿದ್ದರು. ಅವರದು ಸಾಧಾರಣ ತಂಡ. ಮೊದಲ ನಂಬರಿನ ಒಹಾಯೋ ಸ್ಟೇಟ್ ಎದುರು, ಅವರದೇ ಊರಲ್ಲಿ ಆಡಬೇಕಿತ್ತು. ಅದೇ ಯೂನಿವರ್ಸಿಟಿಯ ಮನೋವೈದ್ಯ ಪ್ರೊಫೆಸರ್ ಲಯನಲ್ ರೋಸೆನ್ ಅವರ ಸಲಹೆಯಂತೆ ಹುಡುಗರಿಗೆ ಒಂದು ಮಾತು ಹೇಳಿದರು. ಸ್ಕೋರ್‌ಬೋರ್ಡ್ ನೋಡಬೇಡಿ, ಗೆಲುವಿನ ಯೋಚನೆ ಬೇಡ, ಈಗಿನ ಈ ಒಂದು ಆಟ ಸರಿಯಾಗಿ ಆಡಿ, ಮುಗಿದ ಮೇಲೆ ಮರೆತುಬಿಡಿ, ಮುಂದಿನದು ಆಡಿ. ಮಿಶಿಗನ್ ಸ್ಟೇಟ್ 28-24ರಲ್ಲಿ ಗೆದ್ದಿತು. ಸೇಬನ್ ಅದನ್ನೇ ಜೀವನದ ದಾರಿ ಮಾಡಿಕೊಂಡರು. ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 2003ರ ಪಟ್ಟ. 2007ರಲ್ಲಿ ಅಲಬಾಮಾಕ್ಕೆ ಬಂದು ಮೊದಲ ವರ್ಷ ಲೂಯಿಸಿಯಾನಾ ಮನ್ರೋ ಎಂಬ ಸಣ್ಣ ತಂಡದ ಎದುರು ಸೋತು ಬೈಸಿಕೊಂಡರು. ಆಮೇಲೆ ಅಲ್ಲಿ ಆರು ಪಟ್ಟ.

ಆ ಮೊದಲ ವರ್ಷ ಅಲಬಾಮಾದಲ್ಲಿ ಸೇಬನ್ ಜೊತೆಗಿದ್ದ ಸಹಾಯಕರಲ್ಲಿ ಒಬ್ಬರು ಕರ್ಟ್ ಸಿಗ್ನೆಟಿ. ಹೊಸ ಹುಡುಗರನ್ನು ಆರಿಸಿ ತರುವ ಕೆಲಸ ಅವರದು. ಐವತ್ತರ ಹೊಸ್ತಿಲಲ್ಲಿ, 2011ರಲ್ಲಿ, ಆ ದೊಡ್ಡ ಕೆಲಸ ಬಿಟ್ಟರು. ಪೆನ್ಸಿಲ್ವೇನಿಯಾದಲ್ಲಿ ತಮ್ಮ ತಂದೆ ಬಹಳ ವರ್ಷ ಕೋಚ್ ಆಗಿದ್ದ ಸಣ್ಣ ಯೂನಿವರ್ಸಿಟಿಗೆ ಮುಖ್ಯ ಕೋಚ್ ಆಗಿ ಹೋದರು. ಸಂಬಳ ಕಡಿಮೆ. ಎರಡನೇ ದರ್ಜೆಯ ತಂಡ. ಈ ಹೆಜ್ಜೆ ನನಗೆ ಬಹಳ ಇಷ್ಟ. ಬೇರೆಯವರ ನೆರಳಲ್ಲಿ ಸುಖವಾಗಿರುವುದಕ್ಕಿಂತ ಸ್ವಂತದ ಸಣ್ಣ ತಂಡ ಸಾಕು ಅಂದುಕೊಂಡರು. ಅಲ್ಲಿ ಗೆದ್ದರು. ಹಿಂದಿನ ವರ್ಷ 2 ಪಂದ್ಯ ಗೆದ್ದಿದ್ದ ಈಲಾನ್ ತಂಡಕ್ಕೆ 2017ರಲ್ಲಿ ಹೋಗಿ 8 ಗೆದ್ದರು. ಜೇಮ್ಸ್ ಮ್ಯಾಡಿಸನ್‌ಗೆ ಹೋಗಿ, ಆ ತಂಡ 2022ರಲ್ಲಿ ಮೇಲಿನ ದರ್ಜೆಗೆ ಏರಿದಾಗಲೂ ಗೆಲ್ಲುತ್ತಲೇ ಇದ್ದರು.

2023ರ ಕೊನೆಗೆ ಇಂಡಿಯಾನಾ ಯೂನಿವರ್ಸಿಟಿ ಕರೆಯಿತು. ಅದರ ಊರು ಬ್ಲೂಮಿಂಗ್ಟನ್‌ನಲ್ಲಿ ಓದಿದವರಿಗೆ ಗೊತ್ತು, ಅಲ್ಲಿ ಬಾಸ್ಕೆಟ್‌ಬಾಲೇ ದೇವರು. ಕಾಲೇಜು ಫುಟ್‌ಬಾಲಿನ ಮೇಲಿನ ದರ್ಜೆಯಲ್ಲಿ ಅತಿ ಹೆಚ್ಚು ಪಂದ್ಯ ಸೋತ ತಂಡ ಅನ್ನೋ ಹಣೆಪಟ್ಟಿ ಇಂಡಿಯಾನಾದ್ದಾಗಿತ್ತು. ಹುಡುಗರನ್ನು ಹೇಗೆ ಒಪ್ಪಿಸುತ್ತೀರಿ ಅಂತ ಪತ್ರಕರ್ತರು ಕೇಳಿದಾಗ ಅವರು ಕೊಟ್ಟ ಉತ್ತರ: ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ. ಕೇಳಿದವರಿಗೆ ಜಂಬ ಅನ್ನಿಸಿತು. ನನಗೆ ಅದು ಸೋತು ಸೋತು ತಲೆ ತಗ್ಗಿಸಿದ್ದ ಊರಿಗೆ ಕೊಟ್ಟ ಧೈರ್ಯ ಅನ್ನಿಸುತ್ತದೆ.

ಕಾಲವೂ ಬದಲಾಗಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ತಂಡ ಬದಲಿಸಬೇಕೆನ್ನುವ ಆಟಗಾರರ ಪಟ್ಟಿ, ಬಂತು. 2021ರಿಂದ ಒಂದು ಯೂನಿವರ್ಸಿಟಿ ಬಿಟ್ಟು ಇನ್ನೊಂದಕ್ಕೆ ಹೋದ ಹುಡುಗ ಒಂದು ವರ್ಷ ಸುಮ್ನೆ ಕೂರಬೇಕಾಗಿಲ್ಲ. ಅದೇ ವರ್ಷದಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಪಡೆಯಬಹುದು. ನಾನು ಶುರುವಿನಲ್ಲಿ ಆಟಗಾರರು ಜೊತೆಗೆ ಬರೋದಿಲ್ಲ ಅಂದೆ. ಈಗ ಬರುತ್ತಾರೆ! ಸಿಗ್ನೆಟಿ ಜೊತೆ ಜೇಮ್ಸ್ ಮ್ಯಾಡಿಸನ್‌ನಿಂದ ಹದಿಮೂರು ಹುಡುಗರು ಬಂದರು. ಲೂಯಿವಿಲ್ ಕಾದ ಹಾಗೆ ಈಗ ಯಾರೂ ಮೂರು ವರ್ಷ ಕಾಯೋದಿಲ್ಲ. ಹಾಗಾಗಿ ಹೈಸ್ಕೂಲಿನಲ್ಲಿ ಎಷ್ಟು ಹೆಸರು ಮಾಡಿದ್ದ ಅನ್ನೋದನ್ನು ಬಿಟ್ಟು, ಕಾಲೇಜಿನಲ್ಲಿ ಆಡಿ ತೋರಿಸಿದ್ದಾನಾ ಅಂತ ನೋಡಿ ಅವರು ಹುಡುಗರನ್ನು ಆರಿಸಿದರು. 2024ರಲ್ಲಿ 11 ಗೆಲುವು, 2 ಸೋಲು. 2025ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ. ಒಹಾಯೋ ಸ್ಟೇಟನ್ನು 13-10ರಲ್ಲಿ ಸೋಲಿಸಿ ಲೀಗ್ ಪಟ್ಟ. 2026ರ ಜನವರಿ 19ರಂದು ರಾಷ್ಟ್ರೀಯ ಫೈನಲ್‌ನಲ್ಲಿ 27-21ರ ಗೆಲುವು. ಆಡಿದ 16 ಪಂದ್ಯಗಳಲ್ಲೂ ಗೆಲುವು. ಫೈನಲ್‌ನಲ್ಲಿ ಎದುರಾಳಿ ಮಯಾಮಿ ಯೂನಿವರ್ಸಿಟಿ, ಪಂದ್ಯ ನಡೆದದ್ದೂ ಮಯಾಮಿಯಲ್ಲೇ. ಶ್ನೆಲೆನ್‌ಬರ್ಗರ್ ಹುಟ್ಟಿದ ರಾಜ್ಯದ ತಂಡ, ಅವರು ಬದುಕಿಸಿದ ತಂಡವನ್ನು ಸೋಲಿಸಿತು. ಅವರು ಇದ್ದಿದ್ದರೆ ಆ ರಾತ್ರಿ ಯಾವ ಕಡೆ ಕೂರುತ್ತಿದ್ದರೋ!

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಹೀಗೆ ಕೋಚ್‌ಗಳು ಬಿಟ್ಟು ಹೋದರೆ ಹಿಂದೆ ಉಳಿದವರಿಗೆ ಅನ್ಯಾಯ ಅಲ್ವಾ? ಪ್ರಶ್ನೆ ಸರಿಯಾಗಿದೆ. ಅನ್ಯಾಯ ಆಗುತ್ತದೆ. ಅಮ್ಮನ ಎದುರು ಕೂತು ಮಾತು ಕೊಟ್ಟವರು ಮರುವರ್ಷ ಇನ್ನೊಂದು ರಾಜ್ಯದಲ್ಲಿರುತ್ತಾರೆ. ಹುಡುಗರಿಗೆ ಈಗ ಹೊರಡುವ ಸ್ವಾತಂತ್ರ್ಯ ಬಂದಿರೋದು ಈ ಕಾರಣಕ್ಕೇ ನ್ಯಾಯ ಅಂತ ನನ್ನ ಅಭಿಪ್ರಾಯ. ಆದರೆ ಒಳ್ಳೆಯ ಕೆಲಸ ಮಾಡಿ ಹೋದವರ ಹಿಂದೆ ಏನೋ ಉಳಿಯುತ್ತದೆ. ಮೈಯರ್ ಬಿಟ್ಟ ಯೂಟಾವನ್ನು ಅವರ ಸಹಾಯಕ ಕೈಲ್ ವಿಟಿಂಗ್‌ಹ್ಯಾಮ್ 2005ರಲ್ಲಿ ವಹಿಸಿಕೊಂಡು ಇಪ್ಪತ್ತು ವರ್ಷ ನಡೆಸಿದರು. 2008ರ ಸೀಸನ್ನಿನಲ್ಲಿ ಒಂದೂ ಸೋಲದೆ, ಶುಗರ್ ಬೋಲ್‌ನಲ್ಲಿ ಸೇಬನ್ ಅವರ ಅಲಬಾಮಾವನ್ನೇ ಸೋಲಿಸಿದರು.

ಸಿಗ್ನೆಟಿ ಬಿಟ್ಟು ಬಂದ ಜೇಮ್ಸ್ ಮ್ಯಾಡಿಸನ್ ಕೂಡ ಕುಸಿಯಲಿಲ್ಲ. ಇಂಡಿಯಾನಾ ಪಟ್ಟ ಗೆದ್ದ ಅದೇ ಸೀಸನ್ನಿನಲ್ಲಿ ಆ ತಂಡವೂ ರಾಷ್ಟ್ರೀಯ ಪ್ಲೇಆಫ್‌ಗೆ, ಅಂದರೆ ಪಟ್ಟ ಯಾರದು ಅಂತ ತೀರ್ಮಾನಿಸುವ ಕೊನೆಯ ಪಂದ್ಯಗಳಿಗೆ, ಬಂತು. ಕೋಚ್ ಬಾಬ್ ಚೆಸ್ನಿ. ಅವರದೂ ಇದೇ ದಾರಿ. ರೋಡ್ ಐಲೆಂಡಿನ ಸಾಲ್ವೆ ರೆಜಿನಾ ಎಂಬ ಪುಟ್ಟ ಕಾಲೇಜಿನಿಂದ ಶುರು ಮಾಡಿ, ಅಸಂಪ್ಶನ್, ಹೋಲಿ ಕ್ರಾಸ್, ಆಮೇಲೆ ಜೇಮ್ಸ್ ಮ್ಯಾಡಿಸನ್. ಎಲ್ಲ ಕಡೆಯೂ ಗೆದ್ದು ಬಂದವರು. ಈಗ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿ ಅವರನ್ನು ಕರೆದಿದೆ. ಆ ತಂಡ 2025ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಆ ಕಡೆ ಮಕ್ಕಳಿರುವವರು, ನೆಂಟರಿರುವವರು ಈ ಸೀಸನ್ನಿನಲ್ಲೇ ಒಂದು ಟಿಕೆಟ್ ತಗೊಂಡು ಹೋಗಿ ನೋಡಿ. ಪಟ್ಟ ಬಂದ ಮೇಲೆ ನೋಡಲು ಎಲ್ಲರೂ ಬರುತ್ತಾರೆ. ಕಟ್ಟುವ ಕೆಲಸ ನೋಡಬೇಕಾದರೆ ಮೊದಲ ವರ್ಷವೇ ಹೋಗಬೇಕು.